ಅತ್ತಿಗೆಯ ಅಂಗಳದಲ್ಲಿ ಸ್ವರ್ಗದ ಬಿದಿರು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಪ್ರವಾಸ ಹೊರಟವರು ಏನೇನು ನೋಡುತ್ತಾರೆಂದು ನಿಮಗೂ ಗೊತ್ತು. ಶಿರಸಿಯಲ್ಲಿ ಮಾರಿಕಾಂಬೆಗೆ ಕೈಮುಗಿಯುತ್ತಾರೆ, ಶಾಲ್ಮಲೆಯ ಕಲ್ಲುಗಳ ಮೇಲೆ ಸಹಸ್ರಲಿಂಗ ನೋಡುತ್ತಾರೆ. ಸಿದ್ದಾಪುರದ ಕಡೆಗೆ ಬಂದರೆ ಅಘನಾಶಿನಿ ಧುಮುಕುವ ಉಂಚಳ್ಳಿ, ಯಲ್ಲಾಪುರಕ್ಕೆ ಹೋದರೆ ಬೇಡ್ತಿ ಹೊಳೆಯ ಮಾಗೋಡು. ಫೋಟೋ ತೆಗೆದು, ಚಹಾ ಕುಡಿದು, ಸಂಜೆಯೊಳಗೆ ಘಟ್ಟ ಇಳಿದುಬಿಡುತ್ತಾರೆ. ಆದರೆ ಮುಂದಿನ ಸಲ ನೀವು ಹೋದಾಗ ಒಂದು ಕೆಲಸ ಮಾಡಿ. ದಾರಿಬದಿಯ ಯಾವುದಾದರೂ ಒಂದು ಮನೆಯ ಅಂಗಳವನ್ನು ನಿಂತು ನೋಡಿ. ತುಳಸಿಕಟ್ಟೆಯ ಸುತ್ತ, ಜಗಲಿಯ ಕಟ್ಟೆಯ ಮೇಲೆ, ಒಡೆದ ಬಾಲ್ದಿಯಲ್ಲಿ, ಹಳೆಯ ಪೇಂಟಿನ ಡಬ್ಬಿಯಲ್ಲಿ, ಎಲ್ಲೆಲ್ಲಿ ಒಂದು ಹಿಡಿ ಮಣ್ಣು ನಿಲ್ಲುತ್ತದೋ ಅಲ್ಲೆಲ್ಲ ಗಿಡ! ಅಡಿಕೆ ತೋಟ ಮನೆಯ ಗಂಡಸರ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ಈ ಅಂಗಳ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಅದು ಹೆಂಗಸರದ್ದು.

ನಾನು ಹೇಳಹೊರಟಿರುವುದು ಅಂಥ ಒಂದು ಅಂಗಳದ ವಿಷಯ, ಮತ್ತು ಅಲ್ಲಿಗೆ ನಾನೇ ಕೈಯಾರೆ ಒಯ್ದು ಕೊಟ್ಟ ಒಂದು ಗಿಡದ ವಿಷಯ.

ನನ್ನ ತವರುಮನೆ ಸಿದ್ದಾಪುರದಿಂದ ಬಿಳಗಿಗೆ ಹೋಗುವ ದಾರಿಯಲ್ಲಿ, ಒಳಗೆ ಒಂದು ಮೈಲಿ ನಡೆದರೆ ಸಿಗುವ ಒಂಟಿ ಮನೆ. ಅಂಗಳದ ಗಿಡಗಳನ್ನು ಮೊದಲು ನೆಟ್ಟವಳು ನಮ್ಮ ಆಯಿ. ಆಯಿಯ ನಂತರ ಅವು ಅತ್ತಿಗೆಯ ಕೈಗೆ ಬಂದವು. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಅತ್ತಿಗೆಗೆ ಆಯಿ ಕೊಟ್ಟ ಉಡುಗೊರೆ ಸೀರೆಯಲ್ಲ, ಒಂದು ಬುಟ್ಟಿ ಡೇರೆ ಗಡ್ಡೆ. (ಪೇಟೆಯವರು ಡೇಲಿಯಾ ಅನ್ನುವುದನ್ನೇ ನಮ್ಮಲ್ಲಿ ಡೇರೆ ಅನ್ನುತ್ತಾರೆ.) ಅಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು. ಮಗ, ಸೊಸೆ ಬೆಂಗಳೂರಿನಲ್ಲಿ. ಅತ್ತಿಗೆ ಒಬ್ಬಳೇ ಆ ದೊಡ್ಡ ಮನೆಯಲ್ಲಿ, ಒಂದು ಆಕಳು, ಒಂದು ಕರು, ಮತ್ತು ನೂರಾರು ಗಿಡಗಳ ಜೊತೆ.

ಮೂರು ವರ್ಷದ ಹಿಂದೆ ನಾನು ಗೆಳತಿಯೊಬ್ಬಳ ಮನೆಗೆ ಬೆಂಗಳೂರಿಗೆ ಹೋಗಿದ್ದೆ. ಅವಳ ಬಾಲ್ಕನಿಯಲ್ಲಿ ಒಂದು ಗಿಡ. ಸಣ್ಣ ಸಣ್ಣ ಎಲೆ, ಎಳೆಯ ಕುಡಿಯೆಲ್ಲ ಕೆಂಪು, ನೆಟ್ಟಗೆ ಮೇಲೇಳುವ ಕಡ್ಡಿಗಳು. ಹೆಸರು ಕೇಳಿದರೆ 'ಹೆವೆನ್ಲಿ ಬ್ಯಾಂಬೂ' ಅಂದಳು. ಸ್ವರ್ಗದ ಬಿದಿರು! ಹೆಸರಿಗೇ ಮರುಳಾದೆ ನೋಡಿ. ಅವಳ ಜೊತೆಯೇ ನರ್ಸರಿಗೆ ಹೋಗಿ ಕೇಳಿದಷ್ಟು ದುಡ್ಡು ಕೊಟ್ಟು ಒಂದು ಕುಂಡ ಕೊಂಡೆ. ನಾನಿರುವ ಹಾವೇರಿಯ ಬಿಸಿಲಿಗೆ ಇದು ತಡೆಯಲಿಕ್ಕಿಲ್ಲ, ಅತ್ತಿಗೆಯ ಅಂಗಳದಲ್ಲಾದರೆ ಬದುಕೀತು ಎಂದು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸಿದ್ದಾಪುರಕ್ಕೆ ಒಯ್ದೆ.

ಅತ್ತಿಗೆ ಕುಂಡವನ್ನು ಸುತ್ತ ತಿರುಗಿಸಿ ನೋಡಿದಳು. "ಇದೆಂತ ಬಿದಿರೇ ತಂಗಿ? ಗಂಟಿಲ್ಲೆ, ಮುಳ್ಳಿಲ್ಲೆ."

ಅವಳು ಹೇಳಿದ್ದೇ ಸರಿ. ಇದು ಬಿದಿರಿನ ದೂರದ ನೆಂಟನೂ ಅಲ್ಲ. ಬಿದಿರು ಹುಲ್ಲಿನ ಜಾತಿ. ಭತ್ತ, ಕಬ್ಬುಗಳ ದಾಯಾದಿ. ಇದಾದರೋ ಬರ್ಬೆರಿಸ್ ಎಂಬ ಮುಳ್ಳುಗಿಡದ ಕುಟುಂಬಕ್ಕೆ ಸೇರಿದ ಪೊದೆ. ಶಾಸ್ತ್ರೀಯ ಹೆಸರು ನಂದಿನಾ ಡೊಮೆಸ್ಟಿಕಾ. ನಂದಿನಾ ಎಂದ ಕೂಡಲೆ ನಮ್ಮ ನಂದಿಬಟ್ಟಲಿನ ನೆನಪಾಗುತ್ತದೆ, ಆದರೆ ಬಸವಣ್ಣನಿಗೂ ಇದಕ್ಕೂ ಸಂಬಂಧವಿಲ್ಲ. ಜಪಾನಿನಲ್ಲಿ ಇದನ್ನು 'ನಾನ್‌ತೆನ್' ಎನ್ನುತ್ತಾರೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಥುನ್‌ಬೆರ್ಗ್ ಜಪಾನಿಗೆ ಹೋಗಿಬಂದ ಮೇಲೆ 1781ರಲ್ಲಿ ಆ ಹೆಸರನ್ನೇ ಲ್ಯಾಟಿನ್ ಮಾಡಿ ಇಟ್ಟ. ಮೂಲ ಊರು ಚೀನಾ, ಜಪಾನ್. ಚೀನೀಯರು ಕರೆಯುವ ಹೆಸರಿನಲ್ಲಿ ಆಕಾಶವೂ ಇದೆ, ಬಿದಿರೂ ಇದೆ; ಕಡ್ಡಿಗಳು ಬುಡದಿಂದ ಹಿಂಡಾಗಿ ನೆಟ್ಟಗೆ ಏಳುವುದರಿಂದ ಬಂದ ಮಾತು ಅಷ್ಟೆ. ಪೇಟೆಯಲ್ಲಿ ನೀರಿನ ಬಟ್ಟಲಲ್ಲಿಟ್ಟು ಮಾರುವ 'ಲಕ್ಕಿ ಬ್ಯಾಂಬೂ' ಕೂಡ ಹೀಗೆಯೇ. ಅದು ಆಫ್ರಿಕದ ಡ್ರಸೀನಾ, ಬಿದಿರಲ್ಲ. ಬಿದಿರಿನ ಹೆಸರಿಟ್ಟರೆ ಗಿಡ ಬೇಗ ಮಾರಾಟವಾಗುತ್ತದೋ ಏನೋ!

ಈ ನಂದಿನಾದಲ್ಲಿ ತಳಿಗಳು ಬೇಕಾದಷ್ಟಿವೆ. ಮೂಲದ ಗಿಡ ಆಳೆತ್ತರಕ್ಕೂ ಮೀರಿ, ಆರೇಳು ಅಡಿ ಬೆಳೆಯುತ್ತದೆ. ಬಿಳಿ ಹೂವಿನ ಗೊಂಚಲು, ಆಮೇಲೆ ಮಣಿಯಂಥ ಕೆಂಪು ಹಣ್ಣು. 'ಆಲ್ಬಾ' ಎಂಬುದರಲ್ಲಿ ಹಣ್ಣು ಕೆಂಪಾಗುವುದಿಲ್ಲ, ಕೆನೆಬಣ್ಣ. 'ಫೈರ್ ಪವರ್' ಎರಡಡಿಯ ಕುಳ್ಳ. ಚಳಿ ಬಿದ್ದರೆ ಇಡೀ ಪೊದೆ ಕೆಂಡದ ಹಾಗೆ. 'ಗಲ್ಫ್ ಸ್ಟ್ರೀಮ್' ಇನ್ನು ಒಂದಡಿ ಎತ್ತರ. 'ಲೆಮನ್ ಲೈಮ್' ಕೆಂಪಿನ ಗೊಡವೆಗೇ ಹೋಗದೆ ಎಳೆ ನಿಂಬೆಯ ಬಣ್ಣದಲ್ಲೇ ಇರುತ್ತದೆ. 'ಫಿಲಮೆಂಟೋಸಾ'ದ ಎಲೆ ದಾರದಷ್ಟು ಸಣ್ಣ. ನಾನು ತಂದದ್ದು ಇವುಗಳಲ್ಲಿ ಯಾವುದು? ಕುಂಡದ ಮೇಲಿನ ಚೀಟಿಯಲ್ಲಿ 'ಹೆವೆನ್ಲಿ ಬ್ಯಾಂಬೂ' ಎಂದಷ್ಟೇ ಇತ್ತು. ತಳಿಯ ಹೆಸರು ಕೇಳಬೇಕೆಂದು ನನಗಾದರೂ ಹೊಳೆಯಬೇಕಲ್ಲ!

ಶಿರಸಿ ಸೀಮೆಯ ಮಳೆ ನೀವು ನೋಡಿದ್ದೀರೋ ಇಲ್ಲವೋ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಅಂಗಳ ಒಣಗುವುದಿಲ್ಲ. ಜಾರಬಾರದೆಂದು ಓಡಾಡುವ ದಾರಿಗೆ ಅಡಿಕೆ ಸೋಗೆ ಹಾಸುತ್ತಾರೆ. ಮೊದಲ ಮಳೆಗಾಲದಲ್ಲಿ ಅತ್ತಿಗೆ ಸ್ವರ್ಗದ ಬಿದಿರನ್ನು ತುಳಸಿಕಟ್ಟೆಯ ಪಕ್ಕ ಗೌರವದಿಂದಲೇ ಇಟ್ಟಿದ್ದಳು. ಆಷಾಢದ ಹೊತ್ತಿಗೆ ಬುಡದಲ್ಲಿ ನೀರು ನಿಂತು ಎಲೆಯೆಲ್ಲ ಉದುರಿ ನಾಲ್ಕು ಕಡ್ಡಿ ಉಳಿಯಿತು. ಫೋನಿನಲ್ಲಿ ಅತ್ತಿಗೆ, "ಸ್ವರ್ಗದಲ್ಲಿ ಮಳೆ ಇಲ್ಲೆ ಕಾಣ್ತು ತಂಗಿ" ಅಂದಳು.

ಸತ್ತೇ ಹೋಯಿತೆಂದು ನಾನು ಬಿಟ್ಟುಬಿಟ್ಟೆ. ಅವಳು ಬಿಡಲಿಲ್ಲ. ಕುಂಡ ಕವುಚಿ ಮಣ್ಣು ತೆಗೆದು, ಕೊಳೆತ ಬೇರು ಕತ್ತರಿಸಿ, ಜಂಬಿಟ್ಟಿಗೆಯ ಚೂರನ್ನು ಅಡಿಗೆ ಹಾಕಿ, ಒಂದು ಪಾಲು ಹೊಳೆಯ ಮರಳು, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಬೆಟ್ಟದ ದರಕು ಕೊಳೆತ ಗೊಬ್ಬರ ಸೇರಿಸಿ ಮತ್ತೆ ನೆಟ್ಟಳು. ಕೊಟ್ಟಿಗೆಯ ಮಾಡಿನ ಕೆಳಗೆ, ಎರಚಲು ತಾಗದ, ಬೆಳಗಿನ ಬಿಸಿಲು ಬೀಳುವ ಕಡೆ ಇಟ್ಟಳು. ದೀಪಾವಳಿಯ ಹೊತ್ತಿಗೆ ಕೆಂಪು ಕುಡಿ! ಆದರೆ ಆ ಕೆಂಪು ಎಳೆ ಎಲೆಯಲ್ಲಿ ಮಾತ್ರ. ಬಲಿತ ಮೇಲೆ ಹಸಿರೇ. ಚಿತ್ರದಲ್ಲಿ ಕಾಣುವಂತೆ ಪೊದೆ ಪೂರ್ತಿ ಉರಿಗೆಂಪಾಗಬೇಕಾದರೆ ಒಳ್ಳೆಯ ಚಳಿ ಬೇಕು. ಹಿಮಾಲಯದ ತಪ್ಪಲಿನ ಊರುಗಳಲ್ಲಿ ಆದೀತು. ನಮ್ಮ ಶಿರಸಿ ಎಷ್ಟು ತಂಪೆಂದರೂ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ ಅಷ್ಟೆ. ಪುಷ್ಯಮಾಸದಲ್ಲಿ ಬೆಳಗಿನ ಹೊತ್ತು ಶಾಲು ಹೊದೆಯುತ್ತೇವೆ, ಗಿಡಕ್ಕೆ ಅದು ಸಾಲದು.

ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಅತ್ತಿಗೆಯ ಫೋನು. ದನಿಯಲ್ಲಿ ಸಣ್ಣ ಹುಡುಗಿಯ ಸಂಭ್ರಮ. ಗಿಡದಲ್ಲಿ ಕಾಯಿ ಬಂದಿದೆ, ನಾಲ್ಕೈದು ಕೆಂಪಾಗಿವೆ, ಪಿಕಳಾರ ಹಕ್ಕಿ ಬಂದು ನೋಡಿಕೊಂಡು ಹೋಗುತ್ತಿದೆ. ನನಗೂ ಖುಷಿ. ಆ ರಾತ್ರಿ ಇದರ ಹಣ್ಣನ್ನು ಏನಾದರೂ ಅಡುಗೆಗೆ ಬಳಸುತ್ತಾರೋ ಎಂದು ಓದಲು ಕೂತೆ. ಓದುತ್ತ ಓದುತ್ತ ಕೈಕಾಲು ತಣ್ಣಗಾಯಿತು.

ಈ ಗಿಡದ ಎಲೆ, ಹಣ್ಣು ಎಲ್ಲದರಲ್ಲೂ ಸಯನೈಡ್ ಹುಟ್ಟಿಸುವ ಅಂಶವಿದೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 2009ರ ಏಪ್ರಿಲ್‌ನಲ್ಲಿ ಸೀಡರ್ ವ್ಯಾಕ್ಸ್‌ವಿಂಗ್ ಎಂಬ ಚೆಂದದ ಹಕ್ಕಿಗಳು ಹತ್ತಾರು ಒಟ್ಟಿಗೆ ಸತ್ತು ಬಿದ್ದವು. ಪಶುವೈದ್ಯ ವಿಜ್ಞಾನಿಗಳು ಸೀಳಿ ನೋಡಿದರೆ ಗಂಟಲ ತುಂಬ ಇದೇ ನಂದಿನಾ ಹಣ್ಣು. ಆ ಹಕ್ಕಿಗಳು ಒಮ್ಮೆಲೇ ಹೊಟ್ಟೆ ಬಿರಿಯ ತಿನ್ನುವ ಜಾತಿ, ಅದಕ್ಕೇ ವಿಷ ಏರಿತು. 2010ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದ್ದಾರೆ. ದನಕರುಗಳಿಗೂ, ಬೆಕ್ಕಿಗೂ ಇದು ಆಗದು. ಮತ್ತು ನಾನು ಉಡುಗೊರೆ ಕೊಟ್ಟ ಗಿಡ ಇರುವುದೆಲ್ಲಿ? ಕೊಟ್ಟಿಗೆಯ ಮಾಡಿನ ಕೆಳಗೆ, ಕರುವಿನಿಂದ ಎರಡು ಮಾರು ದೂರ!

ರಾತ್ರಿ ಹತ್ತೂವರೆಗೆ ಫೋನು ಮಾಡಿ ಎಬ್ಬಿಸಿದೆ. ಹೇಳುವುದಕ್ಕೆ ನಾಚಿಕೆ. ಅತ್ತಿಗೆ ಬೈಯಲಿಲ್ಲ. "ತಡಿ" ಎಂದು ಫೋನು ಕೆಳಗಿಟ್ಟು ಬ್ಯಾಟರಿ ಹಿಡಿದು ಹೋದಳು. ಗೊಂಚಲನ್ನು ಕತ್ತರಿಸಿ, ಹಣ್ಣು ಎಣಿಸಿ, ಹೂತು ಬಂದು ಮತ್ತೆ ಫೋನು ಎತ್ತಿಕೊಂಡಳು. "ಕರು ಬಾಯಿ ಹಾಕಿದ್ರೆ ಎಂತಾಗ್ತಿತ್ತೇನ" ಅಂದಳು, ಅಷ್ಟೆ. ಮರುದಿನ ಕುಂಡ ಕೊಟ್ಟಿಗೆಯಿಂದ ಜಗಲಿಯ ಮೇಲಿನ ಕಟ್ಟೆಗೆ ಹೋಯಿತು.

ಇದಾದ ಎರಡು ತಿಂಗಳಿಗೆ ಮಗ ಬಂದು ಮಾತಾಡಿದ. ಅಮ್ಮ ಒಬ್ಬಳೇ ಇರುವುದು ಬೇಡ, ಮಳೆಗಾಲ ಹಿಡಿಯುವುದರೊಳಗೆ ಬೆಂಗಳೂರಿಗೆ ಬರಲಿ ಎಂದು. ತೋಟವನ್ನು ನೆರೆಯವರಿಗೆ ಗೇಣಿಗೆ ಕೊಡುವುದು, ಆಕಳು ಕರುವೂ ಅವರಿಗೇ. ಎಲ್ಲ ಒಂದು ಬೈಠಕ್ಕಿನಲ್ಲಿ ತೀರ್ಮಾನವಾಯಿತು. ಅಡಿಕೆ ಮರಗಳ ಲೆಕ್ಕ ಆಯಿತು, ಹಿತ್ತಾಳೆ ಪಾತ್ರೆಗಳ ಲೆಕ್ಕ ಆಯಿತು. ಅಂಗಳದ ಗಿಡಗಳ ಲೆಕ್ಕ ಯಾರು ಕೇಳುತ್ತಾರೆ? ಅತ್ತಿಗೆಯೂ ಬಾಯಿ ಬಿಡಲಿಲ್ಲ. ನನಗೆ ಮಾತ್ರ ಫೋನು ಮಾಡಿ, ಮೇ ಕೊನೆಗೆ ನಾಲ್ಕು ದಿನ ಬಂದುಹೋಗು, ಗಿಡ ಹಂಚಬೇಕು ಅಂದಳು.

ಹಾಗೆ ಹೊರಟಿತು ನಮ್ಮ ಪ್ರವಾಸ. ಬಾಡಿಗೆಯ ಓಮ್ನಿ ಗಾಡಿ, ಹಿಂದೆ ತುಂಬ ಗಿಡ. ಡೇರೆ ಗಡ್ಡೆಗಳು ಬಣ್ಣ ಬಣ್ಣದ ಪ್ರಕಾರ ಬೇರೆ ಬೇರೆ ಚೀಲದಲ್ಲಿ. ದಾಸವಾಳ, ಗೊರಟೆ, ಕ್ರೋಟನ್ನಿನ ಗೆಲ್ಲುಗಳು ಒದ್ದೆ ಬಟ್ಟೆ ಸುತ್ತಿ ಅಡಿಕೆ ಹಾಳೆಯಲ್ಲಿ ಮಡಚಿ ಕಟ್ಟಿದವು. ಅಬ್ಬಲಿಗೆಯ ಸಸಿಗಳು ಡಬ್ಬಿಯಲ್ಲಿ. ಮುಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಮತ್ತೆ ಅದೇ ಸ್ವರ್ಗದ ಬಿದಿರು! ಅದನ್ನೂ ಯಾರಿಗಾದರೂ ಕೊಡಬೇಕಲ್ಲ.

ಸಿದ್ದಾಪುರದ ಸುತ್ತಿನ ನಾಲ್ಕು ಮನೆಗಳಲ್ಲಿ ಮೊದಲ ದಿನ ಕಳೆಯಿತು. ಒಂದೊಂದು ಮನೆಯಲ್ಲೂ "ಆಸ್ರಿಗೆ ಎಂತ ಮಾಡ್ಲಿ" ಎಂಬ ಉಪಚಾರ, ಒಂದೊಂದು ಕಡೆಯೂ ಮಜ್ಜಿಗೆಯೋ ಕೋಕಂ ಪಾನಕವೋ. ಗಿಡ ಕೊಟ್ಟವರಿಗೆ ಯಾರೂ ಉಪಕಾರವಾಯಿತು ಎನ್ನುವುದಿಲ್ಲ, ಗಮನಿಸಿದ್ದೀರಾ? ಹಾಗೆಂದರೆ ಗಿಡ ಬೇರು ಬಿಡುವುದಿಲ್ಲವಂತೆ. ಕದ್ದ ಗಿಡವಂತೂ ಇನ್ನೂ ಚೆನ್ನಾಗಿ ಬರುತ್ತದಂತೆ. ಅತ್ತಿಗೆಯ ಅಂಗಳದಿಂದ ಹಿಂದೆ ಕದ್ದೊಯ್ದ ಕೆಂಪು ಅಂಚಿನ ಬಿಳಿ ಡೇರೆಯನ್ನು ಒಬ್ಬರು ಅಂದು ನಗುತ್ತಾ ಒಪ್ಪಿಕೊಂಡರು. ಅದರ ಮೂಲ ಗಡ್ಡೆ ನಮ್ಮಲ್ಲಿ ಎಂದೋ ಕೊಳೆತುಹೋಗಿತ್ತು. ಕದ್ದದ್ದು ಒಳ್ಳೆಯದೇ ಆಯಿತಲ್ಲವೇ!

ಶಿರಸಿಗೆ ಅಲ್ಲಿಂದ ಸುಮಾರು 40 ಕಿಲೋಮೀಟರ್. ಶಿರಸಿಯ ಹತ್ತಿರದ ಹಳ್ಳಿಯಲ್ಲಿ ಅತ್ತಿಗೆಯ ಪರಿಚಯದವರೊಬ್ಬರಿದ್ದಾರೆ, ಗಿಡ ಮಾಡಿ ಮಾರುವವರು. ಇಲ್ಲಿ ನಿಮಗೊಂದು ಮಾತು ಹೇಳಲೇಬೇಕು. 2001ರಲ್ಲಿ ಶಿರಸಿಯಲ್ಲಿ 'ವನಸ್ತ್ರೀ' ಎಂಬ ಮಹಿಳೆಯರ ಗುಂಪು ಹುಟ್ಟಿಕೊಂಡಿತು, ಸುನೀತಾ ರಾವ್ ಅವರ ಮುಂದಾಳುತನದಲ್ಲಿ. ಹಿತ್ತಿಲಿನ ತರಕಾರಿ ಬೀಜ, ಗೆಡ್ಡೆ, ಹೂಗಿಡ ಇವನ್ನೆಲ್ಲ ಕಾಪಾಡಿ ಕೈಯಿಂದ ಕೈಗೆ ದಾಟಿಸುವುದು ಅವರ ಕೆಲಸ. ಅವರು ನಡೆಸಿಕೊಂಡು ಬಂದ 'ಮಲೆನಾಡು ಮೇಳ' ಮಳೆಗಾಲದ ಹೊಸ್ತಿಲಲ್ಲಿ, ಎಲ್ಲರ ಕೈ ನೆಡುವುದಕ್ಕೆ ತುರಿಸುವ ಸಮಯದಲ್ಲಿ ಸೇರುವಂಥದು. ಹಳ್ಳಿಯ ಹೆಂಗಸರು ಬೆಳಗಿನ ಬಸ್ಸಿಗೆ ಬುಟ್ಟಿ ಹೊತ್ತು ಬಂದು ಬೀಜ, ಡೇರೆ ಗಡ್ಡೆ, ಹಪ್ಪಳ, ಅಪ್ಪೆಮಿಡಿ ಎಲ್ಲ ಹರಡಿ ಕೂರುತ್ತಾರೆ. ಮಾರಿದ ದುಡ್ಡು ಅವರದ್ದೇ. ಗಂಡನ ಮುಂದೆ ಕೈಚಾಚದೆ ನೂರು ರೂಪಾಯಿ ಸೆರಗಿಗೆ ಕಟ್ಟಿಕೊಳ್ಳುವ ಸುಖ ಏನೆಂದು ನಿಮಗೆ ನಾನು ಹೇಳಬೇಕೇ?

ಆ ಪರಿಚಯದವರೂ ಅಂಥ ಕಡೆ ಕೂತು ಮಾರಿದವರೇ. ಅತ್ತಿಗೆಯ ಡೇರೆ ಚೀಲಗಳನ್ನು ನೋಡಿ ರೇಟು ಕಟ್ಟಲು ಹೊರಟರು. ಇಷ್ಟು ಬಣ್ಣ ಒಂದೇ ಕಡೆ ಸಿಗುವುದಿಲ್ಲ, ಗಡ್ಡೆಗೆ ಇಂತಿಷ್ಟು ಕೊಡುತ್ತೇನೆ, ಸುಮ್ಮನೆ ಕೊಡಬೇಡಿ ಎಂದರು. ಅತ್ತಿಗೆ, "ಆನು ಮಾರ್ತ್ನಿಲ್ಲೆ" ಎಂದಳು. ನನಗೆ ಅದು ಸರಿಬರಲಿಲ್ಲ. ನಲವತ್ತು ವರ್ಷ ಸೊಂಟ ಬಗ್ಗಿಸಿ ಮಾಡಿದ್ದಕ್ಕೆ ಬೆಲೆ ಬಂದರೆ ತಪ್ಪೇನು? ಅಡಿಕೆ ಮಾರಿದರೆ ಮರ್ಯಾದೆ, ಡೇರೆ ಗಡ್ಡೆ ಮಾರಿದರೆ ಕಡಿಮೆಯೋ? ಗಾಡಿಯಲ್ಲಿ ಇದನ್ನೇ ಹೇಳಿ ಜಗಳವಾಡಿದೆ. ಅತ್ತಿಗೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ಅರ್ಧದಷ್ಟು ಗಡ್ಡೆ ಆಯಿಯವು, ಅವಕ್ಕೆ ತಾನು ದುಡ್ಡು ತೆಗೆದುಕೊಳ್ಳುವುದು ಹೇಗೆ ಎಂದಳು. ನನ್ನ ಆಯಿಯವು. ನಾನು ಸುಮ್ಮನಾದೆ.

ಸ್ವರ್ಗದ ಬಿದಿರನ್ನು ಅವರೂ ಕೇಳಿದರು. ಇದನ್ನು ಪಿಳ್ಳೆ ಒಡೆಸಿ ಮಾರಿದರೆ ಒಳ್ಳೆಯ ವ್ಯಾಪಾರ, ಹೆಸರೇ ಸಾಕು ಎಂದರು. ಬುಡದ ಪಿಳ್ಳೆ ಬಿಡಿಸಿ ನೆಟ್ಟರೆ ಇದು ಬರುತ್ತದೆ ನಿಜ. ನಾನು ಹಣ್ಣಿನ ವಿಷಯ ಹೇಳಿದೆ. ಇನ್ನೊಂದು ವಿಷಯವನ್ನೂ ಹೇಳಿದೆ: ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಈ ಗಿಡ ತೋಟದ ಬೇಲಿ ಹಾರಿ ಕಾಡು ಸೇರಿದೆ, ಫ್ಲೋರಿಡಾದಲ್ಲಿ ಇದು ಕಾಡಿಗೆ ಕೇಡು ತರುವ ಗಿಡಗಳ ಪಟ್ಟಿಯಲ್ಲಿದೆ. ಅವರು ತಟ್ಟನೆ ಬೇಲಿಯ ಕಡೆ ಕೈ ತೋರಿಸಿದರು. ಅಲ್ಲಿ ಲಂಟಾನದ ಹಿಂಡು! ಅದೂ ಹೂವು ಚೆಂದವೆಂದೇ 19ನೇ ಶತಮಾನದ ಮೊದಲ ಭಾಗದಲ್ಲಿ ಕಲ್ಕತ್ತದ ತೋಟಕ್ಕೆ ತಂದದ್ದು. ಈಗ ನಮ್ಮ ಬೆಟ್ಟಗಳಲ್ಲಿ ದನ ಮೇಯಲು ಜಾಗವಿಲ್ಲ. ನಂದಿನಾ ನಮ್ಮ ಮಳೆಯಲ್ಲಿ ಹಾಗೆ ಹಬ್ಬೀತೆಂದು ನನಗೇನೂ ಅನಿಸುವುದಿಲ್ಲ. ಅತ್ತಿಗೆಯ ಉಪಚಾರವಿಲ್ಲದಿದ್ದರೆ ಅದು ಮೊದಲ ಆಷಾಢದಲ್ಲೇ ಮುಗಿದಿತ್ತು. ಆದರೂ ಗಿಡ ಮತ್ತೆ ನನ್ನ ತೊಡೆಗೇ ಬಂತು.

ಶಿರಸಿಯಿಂದ ಯಲ್ಲಾಪುರಕ್ಕೆ ಸುಮಾರು 50 ಕಿಲೋಮೀಟರ್, ಬಹಳಷ್ಟು ಕಾಡಿನ ದಾರಿ. ಅಲ್ಲಿ ನನ್ನ ದೊಡ್ಡಪ್ಪನ ಮಗಳು, ಅಕ್ಕ, ಕಾಡಿಗೇ ಹೊಂದಿಕೊಂಡಂಥ ಮನೆಯಲ್ಲಿದ್ದಾಳೆ. ಅವಳ ಬೇಲಿ ನಿಜವಾದ ಬಿದಿರು, ಮುಳ್ಳು ಬಿದಿರು. ಇದರ ವಿಷಯಕ್ಕೊಂದು ಕಥೆಯಿದೆ. 1950ರ ದಶಕದ ಕೊನೆಯಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾದ ಮೇಲೆ ಈ ಜಿಲ್ಲೆಯ ಕಾಡಿನ ಬಿದಿರು ಲಾರಿಗಟ್ಟಲೆ ಹೋಯಿತು. ಮೆಳೆಯೊಳಗೆ ಕೈ ಹೋಗಲೆಂದು ಬುಡದ ಮುಳ್ಳನ್ನೆಲ್ಲ ಸವರಿ ತೆಗೆಯುತ್ತಿದ್ದರು. ಹಾಗೆ ಮಾಡಿದರೆ ಬಿದಿರು ಚೆನ್ನಾಗಿ ಬರುತ್ತದೆಂದೂ ನಂಬಿದ್ದರು. ಹಳ್ಳಿಯವರು ಇಲ್ಲ, ಮುಳ್ಳು ತೆಗೆದರೆ ಮೆಳೆ ಸಾಯುತ್ತದೆ ಎನ್ನುತ್ತಿದ್ದರು. 1970ರ ದಶಕದಲ್ಲಿ ಸರ್ಕಾರದ ಕೋರಿಕೆಯ ಮೇಲೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬಂದು ಅಳೆದು ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಮುಳ್ಳಿನ ಬೇಲಿ ಹೋದ ಮೆಳೆಯಲ್ಲಿ ಏಳುವ ಕಳಲೆಯನ್ನೆಲ್ಲ ದನಕರು, ಕಾಡುಪ್ರಾಣಿಗಳು ತಿಂದು ಮುಗಿಸುತ್ತಿದ್ದವು. ಅತ್ತಿಗೆ ಮೂರು ವರ್ಷದ ಹಿಂದೆ ಕೇಳಿದ್ದು ನೆನಪಿದೆಯಲ್ಲ, ಮುಳ್ಳಿಲ್ಲದ್ದು ಎಂಥ ಬಿದಿರು ಎಂದು!

ಅಕ್ಕನ ಮನೆಯಲ್ಲಿ ಊಟಕ್ಕೆ ಉಪ್ಪುನೀರಿನಲ್ಲಿಟ್ಟ ಹೋದ ವರ್ಷದ ಕಳಲೆಯ ಹುಳಿ. ಊಟ ಮಾಡುತ್ತಾ ನಾನು ನಂದಿನಾದ ಸಯನೈಡ್ ಪುರಾಣ ಬಿಚ್ಚಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ಕಳಲೆಯಲ್ಲಿ ಇರುವುದೂ ಅದೇ ಅಲ್ಲವಾ? ಹೌದು, ಅದೇ ಗುಂಪಿನ ವಿಷ. ಅದಕ್ಕೇ ನಮ್ಮ ಅಜ್ಜಿಯರು ಕಳಲೆಯ ಹೊರಸಿಪ್ಪೆ ಸುಲಿದು, ಎಳೆಯ ಭಾಗವನ್ನು ತೆಳ್ಳಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ದಿನ ನೆನೆಸಿ, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಿ ಹುಳಿಗೋ ಪಲ್ಯಕ್ಕೋ ಹಾಕಿದ್ದು. ನೀವೂ ಪೇಟೆಯಲ್ಲಿ ಹಸಿ ಕಳಲೆ ಕೊಂಡರೆ ಅವಸರ ಮಾಡಬೇಡಿ. ನಮ್ಮ ಬಿದಿರಿನ ವಿಷ ತೆಗೆಯುವ ಬಗೆ ನಮಗೆ ಗೊತ್ತಿದೆ, ಪಾಠ ಮಾಡಿದವರು ಯಾರೂ ಇಲ್ಲದಿದ್ದರೂ. ಕೊಂಡು ತಂದ ಗಿಡದ ಜೊತೆ ಆ ತಿಳಿವಳಿಕೆ ಬರುವುದಿಲ್ಲ. ಬರುವುದು ಒಂದು ಚೀಟಿ ಮಾತ್ರ, ಅದರಲ್ಲೂ ಅರ್ಧ ಹೆಸರು.

ಅಕ್ಕನಿಗೆ ಕೆಂಪು ಹಣ್ಣಿನ ಫೋಟೋ ಬಹಳ ಹಿಡಿಸಿತ್ತು. ಆದರೆ ಅವಳ ಅಂಗಳದಲ್ಲಿ ಬೆಳಗಾದರೆ ಪಿಕಳಾರಗಳ ಸಂತೆ. ಹಿತ್ತಿಲಿನ ಆಲದ ಹಣ್ಣಿಗೆ ಮಂಗಟ್ಟೆ ಹಕ್ಕಿ ಬರುತ್ತದೆ, ಅದರ ರೆಕ್ಕೆಯ ಸದ್ದು ಒಳಗೆ ಅಡುಗೆಮನೆಗೆ ಕೇಳಿಸುತ್ತದೆ. ಅವಳು ಹಾಗೆಯೇ ಹಕ್ಕಿಗಳ ಕಡೆ ಒಮ್ಮೆ, ಕುಂಡದ ಕಡೆ ಒಮ್ಮೆ ನೋಡಿ, ಬೇಡ ಮಾರಾಯ್ತಿ ಎಂದಳು. ಬದಲಿಗೆ ಆಯಿಯ ನೇರಳೆ ಡೇರೆಯನ್ನೂ, ರಥಹೂವಿನ ಪಿಳ್ಳೆಯನ್ನೂ ಇಳಿಸಿಕೊಂಡಳು. ಕೆಂಪು ಬೇಕೆಂದರೆ ರಥಹೂವಿಗಿಂತ ಕೆಂಪು ಯಾವುದಿದೆ? ಮಳೆಗಾಲ ಪೂರ್ತಿ ದೀಪದ ಗೋಪುರದ ಹಾಗೆ ನಿಂತಿರುತ್ತದೆ, ಚಿಟ್ಟೆಗಳೂ ಬರುತ್ತವೆ.

ಹೀಗೆ ಮೂರು ತಾಲೂಕು ಸುತ್ತಿ, ಗಾಡಿ ಖಾಲಿಯಾಗಿ, ಸ್ವರ್ಗದ ಬಿದಿರೊಂದು ಹಾಗೇ ಉಳಿಯಿತು. ತಿರುಗಿ ಬರುವಾಗ ಅತ್ತಿಗೆ ತಾನೇ ಹೇಳಿದಳು, ಇದನ್ನು ಬೆಂಗಳೂರಿಗೆ ಒಯ್ಯುತ್ತೇನೆ ಎಂದು. ಮಗನ ಮನೆ ಆರನೆಯ ಮಹಡಿ. ಬಾಲ್ಕನಿಯಲ್ಲಿ ಎರಡು ಕುಂಡಕ್ಕೆ ಜಾಗ. ಅಲ್ಲಿ ಕರು ಇಲ್ಲ, ಮಳೆಯೂ ಇಷ್ಟಿಲ್ಲ.

ಆಗ ನನಗೆ ಜಪಾನಿನವರ ಮಾತು ನೆನಪಾಗಿ ಹೇಳಿದೆ. ಅವರ ಭಾಷೆಯಲ್ಲಿ ನಾನ್‌ತೆನ್ ಎಂಬ ಸದ್ದಿಗೆ 'ಕಷ್ಟ ತಿರುಗಿಸುವುದು' ಎಂಬ ಅರ್ಥವೂ ಹೊಂದುತ್ತದಂತೆ. ಅದಕ್ಕೆ ಮನೆಯ ಬಾಗಿಲ ಬಳಿ ನೆಡುತ್ತಾರೆ. ಕೆಟ್ಟ ಕನಸು ಬಿದ್ದರೆ ಈ ಗಿಡಕ್ಕೆ ಹೇಳಿ ಹಗುರಾಗುತ್ತಾರೆ. ಶುಭಕಾರ್ಯದಲ್ಲಿ ಕೆಂಪು ಕಾಳು ಹಾಕಿ ಬೇಯಿಸಿದ ಅನ್ನವನ್ನು ನೆರೆಮನೆಗೆ ಬೀರುವಾಗ ಮೇಲೊಂದು ನಾನ್‌ತೆನ್ ಎಲೆ ಇಡುತ್ತಾರೆ. ತಿನ್ನುವುದಕ್ಕಲ್ಲ, ಶುಭಕ್ಕೆ. ನಾವು ಮಾವಿನೆಲೆ ಕಟ್ಟುವ ಹಾಗೆ ಎನ್ನಿ. ಅತ್ತಿಗೆ ಕೇಳಿ, "ಹಂಗಾರೆ ಬಾಗಿಲ ಹತ್ರವೇ ಇಡವು" ಎಂದಳು.

ನಿಮ್ಮಲ್ಲಿ ಯಾರಿಗಾದರೂ ಈ ಗಿಡ ಬೇಕೆನಿಸಿದರೆ ಬೇಡವೆನ್ನುವುದಿಲ್ಲ, ಚೆಂದದ ಗಿಡವೇ. ಕುಂಡದಲ್ಲೇ ಇಡಿ. ಸಾಧ್ಯವಾದರೆ ಹೆಸರು ಕೇಳಿ 'ಫೈರ್ ಪವರ್'ನಂಥ ಕುಳ್ಳ ತಳಿಯನ್ನೇ ಕೊಳ್ಳಿ, ಅದು ಹಣ್ಣು ಬಿಡುವುದೇ ಅಪರೂಪ. ಎತ್ತರದ ತಳಿಯಾದರೆ ಹೂಗೊಂಚಲು ಬಾಡಿದ ಕೂಡಲೆ ಕತ್ತರಿಸಿಬಿಡಿ. ಅಂಬೆಗಾಲಿಡುವ ಮಗುವೋ, ಕಂಡದ್ದನ್ನು ಕಚ್ಚುವ ಬೆಕ್ಕೋ ಮನೆಯಲ್ಲಿದ್ದರೆ ಕೈಗೆಟುಕದ ಕಡೆ ಇಡಿ. ಬುಡದಲ್ಲಿ ನೀರು ನಿಲ್ಲಬಾರದು, ಬೆಳಗಿನ ಬಿಸಿಲು ಸಾಕು. ಗಡಸು ನೀರಿನ ಊರಿನವರು ಮಳೆನೀರು ಹಿಡಿದು ಹಾಕಿದರೆ ಒಳ್ಳೆಯದು, ಇಲ್ಲದಿದ್ದರೆ ಎಲೆ ಹಳದಿಯಾಗುತ್ತದೆ. ವರ್ಷಕ್ಕೊಮ್ಮೆ ಹಳೆಯ ಕಡ್ಡಿಗಳಲ್ಲಿ ಮೂರರಲ್ಲೊಂದನ್ನು ಬುಡಕ್ಕೇ ಕತ್ತರಿಸಿ. ತುದಿ ಮಾತ್ರ ಸವರಿದರೆ ಪೊರಕೆಯಂತಾಗುತ್ತದೆ.

ಅತ್ತಿಗೆ ಜೂನ್ ಮೊದಲ ವಾರ ಹೊರಟಳು. ನೇರಳೆ ಡೇರೆ ಯಲ್ಲಾಪುರದಲ್ಲಿ ಶ್ರಾವಣದಲ್ಲೇ ಮೊಗ್ಗಾಯಿತು. ಬೆಂಗಳೂರಿನ ಗಿಡ ಹೊಸ ಕುಡಿ ಬಿಟ್ಟಿದೆ, ಸೊಸೆಗೆ ಬಹಳ ಇಷ್ಟವಾಗಿದೆಯಂತೆ. ಮೊನ್ನೆ ಫೋನಿನಲ್ಲಿ ಅತ್ತಿಗೆ ಇದನ್ನೆಲ್ಲ ಹೇಳಿ, ಇಡುವ ಮುಂಚೆ ಒಂದು ಮಾತು ಕೇಳಿದಳು. ಸಿದ್ದಾಪುರಕ್ಕೆ ಹೋದರೆ ಹಂಚದೆ ಬಿಟ್ಟುಬಂದ ದಾಸವಾಳದ ಫೋಟೋ ಕಳಿಸಬೇಕು, ಹೂವಿನದಷ್ಟೇ ಬೇಡ, ಹಿಂದೆ ಅಂಗಳವೂ ಕಾಣಬೇಕು ಎಂದು. ಮುಂದಿನ ವಾರ ಹೋಗುವವಳಿದ್ದೇನೆ.